ತೂಬಿನ ಕಲ್ಲು

ತಿಥಿ ಮುಗಿದ ಮೂರನೆಯ ದಿನ
ಶಾಮಿಯಾನದವನು ಕಂಬ ಕೀಳುತ್ತಿದ್ದಾಗ
ಗೇಟಿನ ಮುಂದೆ ಟಿವಿಎಸ್ ನಿಲ್ಲಿಸಿ
ಹೆಳವ ಗಂಟೆ ಬಾರಿಸಿದ.
ಎತ್ತೆಲ್ಲಿ ಅಂದೆ.
‘ನಿಮ್ಮ ರಿಂಗ್ ರೋಡಾಗೆ ಎತ್ತು ಹೊಡೆಯಕ್ಕಾಯ್ತದಾ ತಾಯಿ,
ಇದಕ್ಕೇ ಕೋಡು ಕಟ್ಟೀವ್ನಿ.’
ನಿಜ, ಹ್ಯಾಂಡಲಿಗೆ ಎರಡು ಹಿತ್ತಾಳೆಯ ಕೋಡಣಸು.

ಅವನ ಚೀಲದಲ್ಲಿ ಕೆಂಪು ಬಟ್ಟೆ ಸುತ್ತಿದ ಪುಸ್ತಕ.
ನಮ್ಮ ಮನೆಯಲ್ಲಿದ್ದ ವಂಶಾವಳಿ ಬೇರೆ:
ಎಂಬತ್ತಮೂರರ ಚುನಾವಣೆಯ ಕರಪತ್ರ.
‘ಪಾಳೆಯಗಾರರ ದಂಡಿನಲ್ಲಿ ಕತ್ತಿ ಹಿಡಿದ ಮನೆತನದ ಕುಡಿ,
ಎಪ್ಪತ್ತೊಂದರ ಯುದ್ಧದ ಕಲಿ,
ಹವಾಲ್ದಾರ್ ಪಿ. ಮುನಿಚೌಡಪ್ಪನವರಿಗೇ
ನಿಮ್ಮ ಅಮೂಲ್ಯ ಮತ.’
ಆ ಕತ್ತಿಯನ್ನು ನಾನು ಹುಡುಕಿದ್ದೇನೆ,
ಅಟ್ಟದ ಮೇಲೆ, ಅಜ್ಜಿಯ ಟ್ರಂಕಿನ ತಳದಲ್ಲಿ.
ಸಿಕ್ಕಿದ್ದು ಮಣೆಯಿಲ್ಲದ ಈಳಿಗೆ.

ಹೆಳವ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ,
ಮೂಗಿನಲ್ಲೇ ರಾಗ ಹಿಡಿದ:
ಕೆಂಪಚೌಡನ ಮಗ ಪಿಳ್ಳಚೌಡ,
ಪಿಳ್ಳಚೌಡನ ಮಗ ದೊಡ್ಡಮುನಿಯ,
ದೊಡ್ಡಮುನಿಯನಿಗೆ ಇಬ್ಬರು, ಒಬ್ಬ ಪ್ಲೇಗಿಗೆ ಹೋದ,
ಉಳಿದವನು ಪಿಳ್ಳಪ್ಪ.
ಕತ್ತಿ? ಅಂದೆ.
‘ಎಲ್ಲೀ ಕತ್ತಿ. ಕೈಯಾಗೆ ಗುದ್ದಲಿ.
ಹೊಸಕಟ್ಟೆ ಕೆರೆಗೆ ಏಳು ತಲೆ ನೀರುಗಂಟಿಗಳು ನೀವು.
ತೂಬು ಎತ್ತೋರು, ತೂಬು ಇಳಿಸೋರು.
ಸುಗ್ಗೀಲಿ ಕಣಕ್ಕೊಂದು ಮೊರ ಭತ್ತ.’

ಅಪ್ಪ ಯುದ್ಧದ ಮಾತು ಆಡುತ್ತಿದ್ದದ್ದು ಭಾಷಣದಲ್ಲಿ.
ಮನೆಯಲ್ಲಿ ಒಂದೇ ಸಲ, ಕರೆಂಟು ಹೋದ ರಾತ್ರಿ.
ಹಲಸೂರು ಕೆರೆಯ ಪಕ್ಕ ಸ್ಯಾಪರ್ಸ್ ದಂಡಿನಲ್ಲಿ
ಗುಂಡು ಹೊಡೆದದ್ದಕ್ಕಿಂತ ಮಣ್ಣು ಅಗೆದದ್ದೇ ಹೆಚ್ಚಂತೆ.
ಆಮೇಲೆ ಪಂಜಾಬು, ಡಿಸೆಂಬರು, ಎದೆಮಟ್ಟ ಹೊಳೆ,
ಬೆಳಗಾಗುವುದರೊಳಗೆ ಸೇತುವೆ.
ಪಕ್ಕದವನು ಮೈನಿನ ಮೇಲೆ ಮೊಣಕಾಲೂರಿದ.
‘ಅವನ ಸುತ್ತಿಗೆ ನನ್ನ ಕೈಗೆ ಬಂತು’ ಅಂದವನೇ
ದೀಪದ ಬತ್ತಿ ಸಣ್ಣ ಮಾಡಿದ.

ಕೌನ್ಸಿಲರ್ ಆಗಿ ನಲ್ಲಿ ಹಾಕಿಸಿದ, ಬೀದಿದೀಪ,
ಸ್ಮಶಾನಕ್ಕೆ ಕಾಂಪೌಂಡು.
ಮುನ್ನೂರು ಮನೆಯವರು ಸೈಟು ಕೇಳಿದರು.
ಕೆರೆ ಬತ್ತಿ ನಾಲ್ಕು ವರ್ಷ,
ಸೊಳ್ಳೆ ಬಿಟ್ಟು ಇನ್ನೇನಿದೆ ಅಂದರು ಎಂಜಿನಿಯರು.
ಅಪ್ಪ ಕೈ ಎತ್ತಿದ.
ಆ ಫೋಟೋ ಪೇಪರಿನಲ್ಲಿ ಬಂತು, ಕಟ್ಟು ಹಾಕಿಸಿ ತೂಗುಹಾಕಿದೆವು.
ಎಂದೋ ಒಂದು ದಿನ ತಾನೇ ಅದನ್ನು
ಗೋಡೆಯ ಕಡೆಗೆ ತಿರುಗಿಸಿಟ್ಟ.
ನಾವು ಕೇಳಲಿಲ್ಲ.

ತೂಬಿನ ಕಲ್ಲನ್ನು ಯಾರೋ ಎಳೆತಂದು
ವಾರ್ಡ್ ಆಫೀಸಿನ ಮುಂದೆ ಮಲಗಿಸಿದರು,
ಕಂದಾಯ ಕಟ್ಟಲು ಬಂದವರು ಕೂರಲಿ ಎಂದು.
ಅದರ ತೂತಿನೊಳಗೆ ಮಕ್ಕಳು
ಐಸ್‌ಕ್ಯಾಂಡಿ ಕಡ್ಡಿ ಇಳಿಸುತ್ತಾರೆ.
ಸೋತ ಮೇಲೆ ಅಪ್ಪನೂ ಅಲ್ಲೇ ಕೂರುತ್ತಿದ್ದ,
ತೂತಿನ ಮೇಲೆ ಅಂಗೈ ಮುಚ್ಚಿ.
ದೊಡ್ಡ ಮಳೆಯಲ್ಲಿ ನಾಲ್ಕನೇ ಕ್ರಾಸಿನ ಬೇಸ್‌ಮೆಂಟಿನೊಳಗೆ
ಕಾರುಗಳು ತೇಲಿದ ರಾತ್ರಿ
ಎಪ್ಪತ್ತೈದರ ಮುದುಕ ಚಡ್ಡಿಯಲ್ಲಿ ನಿಂತು
ಗುದ್ದಲಿಯಿಂದ ಮೋರಿ ಬಿಡಿಸುತ್ತಿದ್ದ.
‘ನೀರು ವಿಳಾಸ ಮರೆಯಲ್ಲ ಕಣಮ್ಮ.’

ಹೆಳವ ಪೆನ್ನು ತೆಗೆದ.
‘ಕಸುಬು ಏನಂತ ಬರೀಲಿ?’
ಹವಾಲ್ದಾರ್ ಅನ್ನಲೆ, ಮಾಜಿ ಕೌನ್ಸಿಲರ್ ಅನ್ನಲೆ,
ತೂಬು ಅಂದುಬಿಟ್ಟೆ.
‘ಎತ್ತಿದೋರಾ, ಮುಚ್ಚಿದೋರಾ?’
ಕಾಫಿ ಆರುತ್ತಿತ್ತು. ಶಾಮಿಯಾನದವನು ಬಾಕಿ ಕೇಳಿದ.
ಎರಡೂ ಅಂದೆ.
ನನ್ನ ಹೆಸರೂ ಬರಿ ಅಂದೆ.
‘ಹೆಣ್ಮಕ್ಕಳದು ಕೊಟ್ಟ ಮನೆ ಪುಸ್ತಕದಾಗೆ ತಾಯಿ.’
ನನ್ನನ್ನು ಯಾರೂ ಎಲ್ಲಿಗೂ ಕೊಟ್ಟಿಲ್ಲ.
ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.
ಏನು ಬರೆದನೋ, ಅವನ ಮೋಡಿ ಅಕ್ಷರ ನನಗೆ ಬಾರದು.
ಎರಡು ಸಾಲು. ಎರಡನೆಯದು ಚಿಕ್ಕದು.

ಸೇರು ಅಕ್ಕಿ, ಐನೂರು ರೂಪಾಯಿ,
ಅಪ್ಪನ ಮಿಲಿಟರಿ ಕೋಟು ಕೊಟ್ಟೆ.
ಹಿಂದಿನ ಸೀಟಿಗೆ ಹಗ್ಗದಲ್ಲಿ ಕಟ್ಟಿಕೊಂಡು ಹೊರಟ.
ಸಿಗ್ನಲ್ಲಿನ ಹತ್ತಿರ ಕೋಟಿನ ಒಂದು ತೋಳು ಬಿಚ್ಚಿಕೊಂಡು
ಎಡಕ್ಕೆ ಕೈ ತೋರಿಸುತ್ತಿತ್ತು.
ಅವನು ಬಲಕ್ಕೆ ತಿರುಗಿದ,
ಹಿಂದಿನ ಬಸ್ಸಿನವನು ಬೈದ.