ತಲಿಕಟ್ಟು

ಇವರು ಗೆರಿ ಹಾಕಾವ್ರು, ನಾ ಬಣ್ಣ ತುಂಬಾಕಿ.
ಅಕ್ಕಲಕೋಟದಾಗ ಎರಡೂ ಭಾಷಾದ ಬೋರ್ಡು ನಮ್ಮವ.
ಮರಾಠಿಗೆ ಮದಲ ಮ್ಯಾಲಿನ ಗೆರಿ,
ಅರಬಿ ಒಣಹಾಕೂ ಹಗ್ಗದಂಗ;
ಅಕ್ಷರ ಆಮ್ಯಾಲ ಬಂದು ಜೋತು ಬೀಳ್ತಾವ.
ಕನ್ನಡಕ್ಕ ಹಂಗಲ್ಲ. ಮದಲ ಹೊಟ್ಟಿ, ಕಡೀಕ ತಲಿಕಟ್ಟು.
"ಅದನ್ನ ಮರತಿ ಅಂದ್ರ
ರುಮಾಲಿಲ್ಲದ ಸಂತಿಗೆ ಹೋದಂಗ" ಅಂತಿದ್ರು.

ಮದಲ ಕೆಟ್ಟದ್ದು ಕೈಯಲ್ಲ, ಅಕ್ಷರ.
ಮೈಂದರ್ಗಿ ಹಾದಿಯ ಹಿಟ್ಟಿನ ಗಿರಣಿ ಬೋರ್ಡಿನ್ಯಾಗ
'ಹಿ' ಆನಿಯಷ್ಟು, 'ಣಿ' ಇರುವಿಯಷ್ಟು.
ಗಿರಣಿಯಾವ ನಕ್ಕ. ನಾನೂ ನಕ್ಕೆ.
ಆಮ್ಯಾಲ ಬಲಗೈ ಹೆಬ್ಬೆರಳು ತನ್ನಷ್ಟಕ್ಕ ತಾನ
ಕಾಣದ ತಂಬಾಕ ತಿಕ್ಕಾಕ ಹತ್ತಿತು.

ಪುಣೆದಾಗ ಡಾಕ್ಟರಮ್ಮ ಪರದೆ ನನ್ನ ಕಡೆ ತಿರುವಿದಳು:
ಮಿದುಳಿನ ತಳದಾಗ ಅವರಿಕಾಳಿನಷ್ಟ ಜಾಗ.
ಅಲ್ಲಿ ಒಬ್ಬೊಬ್ಬರು ಒಂದೊಂದು ಮಾತಾಡೂ ಮಂದಿ
ಎಲ್ಲಾರೂ ಒಂದ ಘೋಷಣಾ ಕೂಗಾಕ ಹತ್ಯಾರ,
ಕೈ ಏನರ ಕೇಳಿದ್ರ ಯಾರಿಗೂ ಕೇಳಸೂದಿಲ್ಲ.
ನನಗ ನಮ್ಮ ಸ್ಟ್ಯಾಂಡಿನ ಮುಂದಿನ ಮೋರ್ಚಾ ನೆನಪಾತು.

ಎಚ್ಚರಿದ್ದಂಗನ ತಲಿ ಕೊರದ್ರು.
ನಾ ಹೊರಗ ಬಾಕಿನ ಮ್ಯಾಲಿದ್ದೆ; ಇವರು ಆಮ್ಯಾಲ ಹೇಳಿದ್ದು:
ತಂತಿ ಇಳದಂಗ ಇಳದಂಗ ಸ್ಪೀಕರಿನ್ಯಾಗ
ಜ್ವಾಳದ ಅರಳು ಸಿಡಿಯೂ ಸಪ್ಪಳ. ಅದು ನಾನ ಅಂತ.
ಎಣಸು ಅಂದ್ರಂತ ಮರಾಠಿಯಾಗ.
ಏಕ್, ದೋನ್, ತೀನ್,
ಆರಕ್ಕ ಬರೂದ್ರಾಗ ಕನ್ನಡಕ್ಕ ಹೊಳ್ಳಿತ್ತಂತ ನಾಲಿಗಿ.
ಕರೆಂಟು ಬಿಟ್ರು.
ನಾಕ ಬೆರಳ ಎತ್ತರದ ತೆರಿ ಪರದೆ ಮ್ಯಾಲ ನೂಲಾತು.
ಸುರುಳಿ ತಗಿ ಅಂತ ಪ್ಯಾಡು ಹಿಡದ್ರು.
ನಡುವಿನಿಂದ ಅಂಚಿನ ತನಕ, ಒಂದ ಉಸಿರಿನ್ಯಾಗ.
ಹೆಬ್ಬೆರಳು ತಂಬಾಕ ಬಿಟ್ಟಿತ್ತು.

ಬಿಳೀ ಪಟ್ಟಿ ಸುತ್ತಿ ಹೊರಗ ತಂದಾಗ
ಇವರ ಮದಲ ಮಾತು:
"ನೋಡ, ನನಗೂ ತಲಿಕಟ್ಟು ಹಾಕಿದ್ರು."

ಈಗ ಎದಿ ಚರ್ಮದ ಕೆಳಗ ಬ್ಯಾಟರಿ, ರಿಮೋಟು ನನ್ನ ಕೈಯಾಗ.
ಎರಡು ಪಾಯಿಂಟ್ ಎಂಟಕ್ಕ ಇಟ್ರ ಕೈ ಸುಮ್ಮನ,
ಮಾತು ಮಾತ್ರ ಹಾಲಿನ್ಯಾಗ ತೋಯ್ದ ರೊಟ್ಟಿ.
ಎರಡು ಪಾಯಿಂಟ್ ಒಂದಕ್ಕ ಮಾತು ಖಡಕ್ಕ,
ಕೈ ಮತ್ತ ಶುರು.
ಎರಡೂ ಕೂಡೂ ನಂಬರ ಇನ್ನೂ ಸಿಕ್ಕಿಲ್ಲ.
ಬೋರ್ಡು ಯಾರು ಬರಸ್ತಾರ ಈಗ? ಊರ ತುಂಬ ಫ್ಲೆಕ್ಸು.
ಆದ್ರೂ ಮುಂಜಾನಿ ಎಂಟಕ್ಕ ಏರಸ್ತೀನಿ.
ಡಾಲ್ಡಾ ಡಬ್ಬಿ ಬಡದು ಮಾಡಿದ ತಗಡಿನ ಮ್ಯಾಲ
ಗಿರಣಿಯಾವನ ಹೆಸರ ಬರೀತಾರ,
ಆನಿಯಷ್ಟ, ಕಡೀ ತನಕ ಆನಿಯಷ್ಟ.

ಸಂಜಿಕ ಒಂದಕ್ಕ ಇಳಸ್ತೀನಿ.
ತೊಡಿ ಮ್ಯಾಲ ಕೈ ಕುಣೀತದ. ನಾ ಹಿಡಿಯೂದಿಲ್ಲ.
"ನಾಗಣಸೂರ ಸಾಲಿ ಬೋರ್ಡು," ಅಂತಾರ, ಒಂದೊಂದ ಅಕ್ಷರ ಬಿಡಿಸಿ,
"'ಮಕ್ಕಳ' ಅನ್ನೂದರಾಗಿನ 'ಳ'.
ಇಪ್ಪತ್ತ ವರ್ಷ ಆತು, ಬಣ್ಣ ಗೆರಿ ದಾಟಿಸಿದ್ದಿ."
"ನಿಮ್ಮ ಗೆರೀನ ಸೊಟ್ಟ ಇತ್ತು" ಅಂತೀನಿ.
ಮುಂಜಾನಿ ತನಕ ಇದ ಜಗಳ.