ನಾಕನೇ ಪ್ಲಗ್ಗು

ಸೀಟು ಎತ್ತಿದರೆ ಕೆಳಗೆ ಇಂಜಿನ್ನು,
ಬದಿಗೆ ತೊಗರಿ ಹೊಟ್ಟು, ಒಂದು ರೂಪಾಯಿ,
ಕಳೆದೇ ಹೋಯಿತೆಂದಿದ್ದ ಹತ್ತರ ಪಾನಾ.
ಎರಡು ಲಕ್ಷ ಎಂಬತ್ತಾರು ಸಾವಿರಕ್ಕೆ
ಮೀಟರು ನಿಂತು ಎರಡು ಯುಗಾದಿ.

ದಸ್ತಗೀರ ನಾಕನೇ ಕಾಯಿಲ್ ಕಿತ್ತು
ಎರಡನೇದಕ್ಕೆ ಕೂಡಿಸಿದ.
ಕೆಮ್ಮು ಅದರ ಬೆನ್ನಿಗೇ ಹೋಯಿತು.
"ಸಿಕ್ಕ ನೋಡ್ರಿ ಕಳ್ಳ, ಮಾಣಿಕಪ್ಪೋರೆ!"

ಮೂರು ಪ್ಲಗ್ಗು ಚಹಾ ಬಣ್ಣ,
ನಾಕನೇದರ ತುದಿಗೆ ಕಾಡಿಗೆ.
ಹೊಸವನ್ನು ಬೆರಳಲ್ಲೇ ತಿರುವುತ್ತ ಅಂದ:
"ಮೊದಲ ಕೈ, ಆಮ್ಯಾಲ ಪಾನಾ.
ಅವಸರಾ ಮಾಡಿದ್ರ ಥ್ರೆಡ್ ಹೋಗತದ."
ಹೆಂಡತಿಯ ಜೊತೆ ಮಾತಾಡುವಾಗ
ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ ಇದನ್ನು.

ಫರಸಿ ಹೇರಿ ಶಹಾಬಾದ್ ಬಿಟ್ಟೆ.
ಇಂಜಿನ್ನು ಎಷ್ಟು ತಣ್ಣಗೆ ಅಂದರೆ
ಹಿಂದಿನ ಬಾಗಿಲ ಕೊಂಡಿಯ ಸದ್ದು ಕೇಳಿತು,
ಟಕ್ಕ, ಟಕ್ಕ,
ಎಷ್ಟು ದಿನದಿಂದ
ಬಡಕೊಳ್ಳುತ್ತಿತ್ತೋ ಪಾಪ.