ಉಂಗುರ ಬೆರಳು

ಇಪ್ಪತ್ತಾರು ವರ್ಷ ಸೀರೆ ನೋಡಿದ್ದೇನೆ ನಾನು.
ಉಟ್ಟಿದ್ದಲ್ಲ, ನೋಡಿದ್ದು.
ಮಾನಂದವಾಡಿ ರಸ್ತೆಯ ಕಾರ್ಖಾನೆಯೊಳಗೆ
ಗಾಜಿನ ಮೇಜು, ಅದರಡಿಗೆ ಟ್ಯೂಬ್‌ಲೈಟು,
ಮೇಲೆ ಹರಿದು ಬರುವ ರೇಷ್ಮೆ.
ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು,
ಎಲ್ಲಿ ಜರಿ ಮುಗ್ಗರಿಸಿ ಮತ್ತೆ ಎದ್ದಿದೆ,
ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಂದಕ್ಕೆ ಬಿಡುವುದು.

ಮೊನ್ನೆ ಲಿಂಗಾಜಮ್ಮಣ್ಣಿ ಊಟದ ಡಬ್ಬಿ ಮುಚ್ಚುತ್ತ
"ಅಲ್ಲಾ ಕಣೇ, ನಿನ್ನ ಕಣ್ಣ ಕೆಳಗೆ ಯಾರೇ ಗುರುತು ಹಾಕ್ದೋರು?" ಅಂದರು.
ಅವರ ಮಾತೇ ಹಾಗೆ. ನಕ್ಕೆ.
ನಕ್ಕಾಗ ಇನ್ನೂ ಮೂರು ಗೆರೆ ಬಿದ್ದವಂತೆ,
ಅದನ್ನೂ ಎಣಿಸಿ ಹೇಳಿದರು.

ಸಂಬಳದ ಸಂಜೆ, ದೇವರಾಜ ಅರಸು ರಸ್ತೆ.
ಕಣ್ಣಿಗೇ ಅಂತ ಬೇರೆ ಕ್ರೀಮು ಇರುವುದು
ನನಗೆ ಗೊತ್ತಾಗಿ ನಾಲ್ಕು ದಿನ.
ಇಲ್ಲಿ ನೋಡಿದರೆ ಒಂದು ಗೋಡೆ ತುಂಬ.
ಹೆಬ್ಬೆರಳಷ್ಟು ಡಬ್ಬಿ, ಅದಕ್ಕೊಂದು ಬಂಗಲೆಯಂಥ ಪೆಟ್ಟಿಗೆ.
ಬೆಲೆ ಓದಿ ಒಂದು ತಿಂಗಳ ಹಾಲು ನೆನಪಾಯಿತು.

ಎದೆಯ ಮೇಲೆ ಸುಮೈಯಾ ಎಂದು ಹೆಸರಿದ್ದ ಹುಡುಗಿ ಕೇಳಿದಳು:
"ಯಾವ್ದಕ್ಕೆ ಆಂಟಿ? ಕಪ್ಪಿಗಾ, ಊತಕ್ಕಾ, ಗೆರೆಗಾ?"
ಮೂರೂ ಇರುವವರು ಮೂರು ಕೊಳ್ಳಬೇಕಾ ಅಂದೆ.
ಬೇಡ, ಹೆಚ್ಚು ಕಾಡೋದು ಯಾವುದೋ ಅದಕ್ಕೆ ಮೊದಲು.
ಕಾಫಿಯ ಸತ್ವ ಇರುವುದು ಬೆಳಗಿನ ಊತಕ್ಕೆ.
(ಕಾಫಿ ಕುಡಿದೇ ಅಲ್ಲವೇ ನಿದ್ದೆಗೆಟ್ಟು ಊದುವುದು?)
ಗೆರೆಗೆ ರೆಟಿನಾಲು, ರಾತ್ರಿ ಮಾತ್ರ, ವಾರಕ್ಕೆರಡು ಸಲ,
ಆತುರಪಟ್ಟರೆ ಸಿಪ್ಪೆ ಏಳುತ್ತದೆ.
ಕಪ್ಪಿಗೆ ವಿಟಮಿನ್ ಸಿ, ಇಲ್ಲವೇ ನಯಾಸಿನಮೈಡ್.
ಆ ಹೆಸರನ್ನು ಸ್ವಂತ ಚಿಕ್ಕಮ್ಮನ ಹೆಸರಿನ ಹಾಗೆ ಹೇಳಿದಳು.

ಆಮೇಲೆ ಸಣ್ಣದೊಂದು ದೀಪ ಹಿಡಿದು
"ಮೇಲೆ ನೋಡಿ" ಅಂದು
ಕಣ್ಣಡಿಯ ಚರ್ಮವನ್ನು ಇಷ್ಟೇ ಇಷ್ಟು ಎಳೆದಳು.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಬೆಳಕಿನ ಆ ಕಡೆ ನಾನಿದ್ದೆ.
"ಇದು ಬಣ್ಣ ಅಲ್ಲ ಆಂಟಿ, ನೆರಳು.
ಇಲ್ಲಿ ತಗ್ಗಿದೆ, ಅದ್ರಲ್ಲಿ ಕತ್ತಲು ನಿಂತ್ಕೊಂಡಿದೆ.
ನಿಮ್ಮಮ್ಮನಿಗೂ ಇತ್ತಾ?"

ಇತ್ತು.
ಅಮ್ಮ ಊದುಬತ್ತಿ ಹೊಸೆಯುತ್ತಿದ್ದಳು, ಸಾವಿರಕ್ಕೆ ಇಷ್ಟು ಅಂತ.
ಆ ಕರಿಯೇ ಮುಖಕ್ಕೂ ಹತ್ತಿದೆಯೆಂದು
ನಾವು ಮಕ್ಕಳು ತಿಳಿದಿದ್ದೆವು.
ಕೊನೆಯ ನೀರು ಹಾಕಿ ತೊಳೆದಾಗಲೂ
ಹೋಗಲಿಲ್ಲ ಅದು.

"ನೆರಳನ್ನ ಯಾವ ಕ್ರೀಮೂ ತೆಗೆಯಲ್ಲ."
ಇದನ್ನು ಹೇಳುವಾಗ ಮ್ಯಾನೇಜರಿನ ಕಡೆಗೆ ಬೆನ್ನು ಮಾಡಿದ್ದಳು.

ಅಭ್ಯಾಸಬಲ, ನಾನೂ ಅವಳನ್ನು ನೋಡಿದೆ.
ಗಿಲಾಯಿ ಮಾಡಿದಂತೆ ಮೆತ್ತಿದ ಪೌಡರು,
ಎಡಗಣ್ಣಿನ ಮೂಲೆಯಲ್ಲಿ ಬಿರಿದು ಒಳಗಿನ ನೀಲಿ ಕಾಣುತ್ತಿತ್ತು.
ನೀನು ಯಾವುದು ಹಚ್ಚುತ್ತೀ ಅಂದೆ.
"ನಾನಾ? ಸ್ಯಾಂಪಲ್ ತಳ ಕೆರೆದು," ನಕ್ಕಳು,
"ಹತ್ತು ಗಂಟೆ ನಿಂತಿರ್ತೀನಿ. ರಾತ್ರಿ ಬಿಕಾಂ ಓದೋದು.
ನಂಗೆ ಕ್ರೀಮಲ್ಲ, ನಿದ್ದೆ ಬೇಕು."

ಕೊನೆಗೆ ಕೆಳಗಿನ ಸಾಲಿನಿಂದ ಸಾದಾ ಒಂದು ತೆಗೆದಳು,
ವಾಸನೆಯಿಲ್ಲದ್ದು, ಒಣಗಿದ್ದಕ್ಕೆ, ಎಲ್ಲದಕ್ಕಿಂತ ಅಗ್ಗ.
"ಅಕ್ಕಿಕಾಳಿನಷ್ಟು ಸಾಕು. ತಟ್ಟಬೇಕು, ಉಜ್ಜಬಾರದು.
ಉಂಗುರ ಬೆರಳಲ್ಲಿ. ಅದಕ್ಕೆ ಬಲ ಕಮ್ಮಿ, ಚರ್ಮ ಎಳೆಯಲ್ಲ."

ಅವಳಿಗೆ ಹೇಳಲಿಲ್ಲ:
ಕರೆಂಟು ಹೋದಾಗ
ನಾನು ಗಂಟು ಹುಡುಕುವುದು ಅದೇ ಬೆರಳಿನಿಂದ.
ಒತ್ತಲು ಬಾರದ್ದಕ್ಕೇ
ಎಳೆಯ ಗುಟ್ಟು ಅದಕ್ಕೆ ತಿಳಿಯುವುದು.

ಡಬ್ಬಿ ಈಗ ಫ್ರಿಜ್ಜಿನಲ್ಲಿದೆ, ಮೊಸರಿನ ಪಕ್ಕ.
ಆರು ವಾರ ಬೇಕಂತೆ, ಏನಾದರೂ ಆಗುವುದಿದ್ದರೆ.
ರಾತ್ರಿ ಕನ್ನಡಿಯಲ್ಲಿ ಅಮ್ಮ ಮೇಲೆ ನೋಡುತ್ತಾಳೆ,
ನಾನು ತಟ್ಟುತ್ತೇನೆ.

ಮರುದಿನ ಬಾದಾಮಿ ಬಣ್ಣದ್ದೊಂದು ಮೇಜಿಗೆ ಬಂತು.
ಸೆರಗಿನ ಹತ್ತಿರ ಬೆರಳು ತಡೆಯಿತು.
ಹೋಗಲಿ, ನೆರಳಿರಬಹುದು ಅಂದುಕೊಂಡೆ.
ಬಗ್ಗಿ ನೋಡಿದೆ.
ನೆರಳಲ್ಲ, ತಪ್ಪೇ.
ಗುರುತು ಹಾಕಿದೆ,
ಸ್ವಲ್ಪ ಮೆಲ್ಲಗೆ.